ಯಾರೂ ಕಳಿಸದ ಪತ್ರ

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನಾನು ಇಂಟರ್ನೆಟ್ ಸೆಂಟರ್ ನಡೆಸಿದ್ದು ಏಳು ವರ್ಷ. ಮುಂದಿನ ಕೋಣೆಯಲ್ಲಿ ನಾಲ್ಕು ಕಂಪ್ಯೂಟರ್, ಹಿಂದಿನ ಕೋಣೆಯಲ್ಲಿ ನಾನು. ಅದಕ್ಕೂ ಮೊದಲು ಬೇರೆಯವರ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಮಕ್ಕಳ ಬೆರಳು ತಿದ್ದುತ್ತಿದ್ದೆ. ಇಂಗ್ಲಿಷ್ ಪತ್ರಗಳನ್ನು ಸಾವಿರಗಟ್ಟಲೆ ಟೈಪ್ ಮಾಡಿದ್ದೆ, ಆದರೆ ಅವುಗಳ ಅರ್ಥಕ್ಕೂ ನನಗೂ ಸಂಬಂಧವಿರಲಿಲ್ಲ. ಬೆರಳಿಗೆ ಸ್ಪೆಲಿಂಗ್ ಗೊತ್ತಿತ್ತು, ಅಷ್ಟೆ. ಮದುವೆ ಆಗಿರಲಿಲ್ಲ. ಇನ್ನು ಆಗುವುದಿಲ್ಲ ಎಂದು ಎಲ್ಲರಿಗೂ ಖಾತ್ರಿಯಾದ ಮೇಲೆ ಕೇಳುವವರೂ ಕೇಳುವುದನ್ನು ಬಿಟ್ಟರು. ಊರಿಗೆ ಹೊಸಬಳು, ಒಂಟಿ ಹೆಂಗಸು, ಅದರ ಮೇಲೆ ಯಾರಿಗೂ ಸರಿಯಾಗಿ ತಿಳಿಯದ ಕೆಲಸ. ಜನ ಬರುತ್ತಿದ್ದರು, ಪರೀಕ್ಷೆಯ ರಿಸಲ್ಟ್ ನೋಡುತ್ತಿದ್ದರು, ಹೋಗುತ್ತಿದ್ದರು. ದಿನವಿಡೀ ನಾನು ಆಡುತ್ತಿದ್ದ ಮಾತೆಂದರೆ ‘ಸ್ವಲ್ಪ ತಡೀರಿ, ಲೈನ್ ಸಿಗವಲ್ದು’ ಎನ್ನುವುದೊಂದೇ.

ಬೇರೆ ಮಾತಾಡಿದವರು ಒಬ್ಬರೇ, ಕೋಗಳಿ ಶಾಲೆಯ ಟೀಚರ್. ಅವರಿಗೂ ಹೆಚ್ಚುಕಡಿಮೆ ನನ್ನದೇ ವಯಸ್ಸು, ಅವರಿಗೂ ಮದುವೆ ಆಗಿರಲಿಲ್ಲ. ತಮ್ಮ ಓಣಿಯಲ್ಲಿ ಸಂಬಳದ ಕೆಲಸ ಹಿಡಿದ ಮೊದಲ ಹೆಣ್ಣುಮಗಳು ತಾನು ಎಂದು ಒಮ್ಮೆ ಹೇಳಿದ್ದರು. ಹೆಮ್ಮೆಗಲ್ಲ, ಕಾರಣ ಹೇಳುವವರಂತೆ. ಶನಿವಾರ ಬೆಳಗಿನ ಶಾಲೆ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಬರುತ್ತಿದ್ದರು. ಚೀಲದಲ್ಲಿ ಕುದಿಸಿದ ಶೇಂಗಾ ಇರುತ್ತಿತ್ತು. ನಾನು ಎದುರಿನ ಅಂಗಡಿಯಿಂದ ಮಂಡಕ್ಕಿ, ಮಿರ್ಚಿ ತರುತ್ತಿದ್ದೆ. ಇಬ್ಬರೂ ತಿಂದು ಕೈ ತೊಳೆದ ಮೇಲೆ ಅವರು ಕಿಟಕಿ ಪಕ್ಕದ ಕಂಪ್ಯೂಟರಿಗೆ ಕೂರುತ್ತಿದ್ದರು. ಕನ್ನಡ ಅಕ್ಷರ ಹಾಕಿಸಿದ್ದು ಅದೊಂದರಲ್ಲೇ. ಅದು ನನ್ನ ಸ್ವಂತ ಕೆಲಸದ ಮಷೀನು. ನನ್ನ ಮೇಲ್ ಬರುತ್ತಿದ್ದುದೂ ಅದಕ್ಕೇ.

ಅವರು ಟೈಪ್ ಮಾಡುತ್ತಿದ್ದುದು ಒಂದೇ ಪತ್ರ. ಹರಪನಹಳ್ಳಿಯಲ್ಲಿದ್ದ ಅಕ್ಕನಿಗೆ. ಅಕ್ಕತಂಗಿಯರ ನಡುವೆ ಮಾತು ನಿಂತು ಎಂಟು ವರ್ಷವಾಗಿತ್ತು.

“ಕೈಲೆ ಬರದ್ರ ನನ್ನ ಅಕ್ಷರ ನೋಡಿದ ಕೂಡ್ಲೇ ಹರಿದು ಒಗಿತಾಳ್ರಿ,” ಎಂದಿದ್ದರು. “ಟೈಪ್ ಮಾಡಿದ್ದು ಅಂದ್ರ ನಾಕು ಸಾಲಾದ್ರೂ ಓದ್ತಾಳ.”

ಭಾವ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದರು. ಒಳ್ಳೆಯ ಮನುಷ್ಯ, ಕಚೇರಿಯ ಮೇಲ್‌ಗೆ ಕಳಿಸಿದರೆ ಪ್ರಿಂಟ್ ತೆಗೆದು ಹೆಂಡತಿಯ ಕೈಗೆ ಕೊಡುತ್ತಾರೆ ಎಂಬುದು ಟೀಚರ್ ಲೆಕ್ಕ. ಪತ್ರ ಮುಗಿದ ದಿನ ಹುಡುಕಾಡುವುದು ಬೇಡವೆಂದು ಆ ವಿಳಾಸವನ್ನು ನಾನೇ ನನ್ನ ಮೇಲ್‌ನ ವಿಳಾಸಪಟ್ಟಿಗೆ ಸೇರಿಸಿಟ್ಟೆ. ಪತ್ರ ಮಾತ್ರ ಮುಗಿಯುತ್ತಿರಲಿಲ್ಲ. ಒಂದು ಶನಿವಾರ ಎರಡು ಸಾಲು, ಇನ್ನೊಂದು ಶನಿವಾರ ಆ ಎರಡೂ ಅಳಿಸಿ ಒಂದು. ನಾನು ಅತ್ತ ನೋಡುತ್ತಿರಲಿಲ್ಲ. ನೋಡಬೇಕೆನಿಸಿದರೂ ನೋಡುತ್ತಿರಲಿಲ್ಲ.

ಆ ಬೇಸಿಗೆಯ ಒಂದು ಮಂಗಳವಾರ ಬೆಳಿಗ್ಗೆ ಕೊಟ್ಟೂರಿನ ಸೆಂಟರಿನ ವಿಳಾಸದಿಂದ ನನಗೊಂದು ಮೇಲ್ ಬಂತು. ತೆರೆದೆ. ಒಳಗೆ ಏನೂ ಇರಲಿಲ್ಲ, ಬರೀ ಬಿಳಿ. ತಪ್ಪಿ ಕಳಿಸಿರಬೇಕು ಎಂದುಕೊಂಡು ಮುಚ್ಚಿದೆ. ಮೋಡೆಮ್ಮಿನ ದೀಪ ಬಹಳ ಹೊತ್ತು ಮಿನುಗುತ್ತಲೇ ಇತ್ತು. ಲೈನು ಕೆಟ್ಟಿದೆ ಎಂದುಕೊಂಡು ಒಲೆಯ ಮೇಲಿನ ಅನ್ನ ನೋಡಲು ಒಳಗೆ ಹೋದೆ.

ಗುರುವಾರ ಕೂಡ್ಲಿಗಿಯ ಸೆಂಟರ್ ನಡೆಸುತ್ತಿದ್ದ ಯಜಮಾನರು ಫೋನ್ ಮಾಡಿದರು. ಅರವತ್ತು ದಾಟಿದವರು, ಅವರೂ ನನ್ನಂತೆಯೇ ಟೈಪಿಂಗ್‌ನಿಂದ ಕಂಪ್ಯೂಟರಿಗೆ ಬಂದವರು.

“ಮೇಡಮ್ಮರೇ, ನೀವು ಕಳ್ಸಿದ್ದು ಬಂತು ನೋಡ್ರಿ. ಯಾರದ್ರೀ ಇದು, ಅಕ್ಕತಂಗಿ ಜಗಳ? ನಾಕು ಸಾಲು ಓದಿ ಮುಚ್ಚಿಬಿಟ್ಟೆ. ನನಗ್ಯಾಕ ಕಳ್ಸೀರಿ?”

“ನಾ ಏನೂ ಕಳ್ಸಿಲ್ಲ ಸಾರ್,” ಎಂದೆ.

“ನಿಮ್ಮ ಸೆಂಟರ್ನಿಂದಾನ ಬಂದೈತಲ್ರಿ.”

ಫೋನ್ ಇಟ್ಟು ನನ್ನ ಮೇಲ್ ತೆರೆದೆ. ನನ್ನ ವಿಳಾಸವೂ ಆ ಪಟ್ಟಿಯಲ್ಲಿದ್ದುದರಿಂದ ಅದು ನನಗೂ ಬಂದಿತ್ತು. ಟೀಚರ್ ಪತ್ರ. ಪಟ್ಟಿಯಲ್ಲಿದ್ದ ಎಲ್ಲ ವಿಳಾಸಗಳಿಗೂ ಹೋಗಿತ್ತು. ಆಗಿನ ಕಾಲಕ್ಕೆ ಕನ್ನಡದ ಫಾಂಟ್ ಹಾಕಿಸಿರದ ಕಂಪ್ಯೂಟರಿನಲ್ಲಿ ಕನ್ನಡ ಪತ್ರ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತಿತ್ತು. ಹಾಗಾಗಿ ಹೆಚ್ಚಿನವರಿಗೆ ಅದು ಕಸ. ನಮ್ಮ ಫಾಂಟ್ ಇದ್ದದ್ದು ಮೂರೇ ಕಡೆ: ನನ್ನಲ್ಲಿ, ಕೂಡ್ಲಿಗಿಯಲ್ಲಿ, ಮತ್ತು ಹರಪನಹಳ್ಳಿಯ ಆ ಕಚೇರಿಯಲ್ಲಿ.

ನಾನು ಅದನ್ನು ಓದಿದೆ. ಓದಬಾರದಿತ್ತು, ಓದಿದೆ. ತಾಯಿ ಹಾಸಿಗೆ ಹಿಡಿದ ಎರಡು ವರ್ಷ ಅಕ್ಕ ಒಂದು ದಿನಕ್ಕೂ ಬಂದು ನಿಲ್ಲಲಿಲ್ಲ ಎಂದು ಶುರುವಾಗುತ್ತಿತ್ತು. ಬಂದ ಸಂಬಂಧವನ್ನು ತಾನು ಯಾಕೆ ಬಿಟ್ಟೆ, ತಾಯಿಯ ಬೆನ್ನಿನ ಹುಣ್ಣನ್ನು ದಿನಕ್ಕೆ ಎಷ್ಟು ಸಲ ತೊಳೆದೆ, ಮಣ್ಣಾದ ಮೂರನೆಯ ದಿನ ಬಂದ ಅಕ್ಕ ಮೊದಲು ಕೇಳಿದ್ದು ತಾಯಿಯ ಕಿವಿಯ ಓಲೆಯನ್ನು—ಎಲ್ಲ ಇತ್ತು. ಒಂದೊಂದು ವಾಕ್ಯವೂ ಬಿಸಿ ಸೌಟು ತಾಗಿದ ಹಾಗೆ. ಕೊನೆಯಲ್ಲಿ, ಹೊಸ ಸಾಲಿನಲ್ಲಿ, ‘ಆದರೂ ಅಕ್ಕಾ’ ಎಂದು ಬರೆದು ನಿಲ್ಲಿಸಿದ್ದರು. ಅಲ್ಲಿಗೆ ಪತ್ರ ಮುಗಿದಿತ್ತು. ಮುಗಿದಿರಲಿಲ್ಲ, ನಿಂತಿತ್ತು.

ಆ ಶನಿವಾರ ಟೀಚರ್ ಬಂದರು. ಚೀಲ ಇರಲಿಲ್ಲ. ಬಾಗಿಲಲ್ಲೇ ನಿಂತರು.

“ನೀವು ಕಳ್ಸಿದ್ರೇನ್ರಿ?”

“ಇಲ್ರಿ ಟೀಚರ್. ನಾ ಏನೂ ಮುಟ್ಟಿಲ್ಲ.”

“ಅಕ್ಕ ನಮ್ಮ ಬಾಜೂ ಮನಿಗೆ ಫೋನ್ ಮಾಡಿದ್ಲು. ‘ನನ್ನ ಗಂಡನ ಆಫೀಸಿಗೇ ನನ್ನ ಮಾನ ಕಳೆಯಂಥಾದ್ದು ಬರದು ಕಳ್ಸೀಯಲ್ಲ’ ಅಂದ್ಲು, ಇಟ್ಲು. ಎಂಟು ವರ್ಷಕ್ಕ ಅದೊಂದು ಮಾತು.” ಅವರ ದನಿ ಏರಲಿಲ್ಲ. “ಕಂಪ್ಯೂಟರ್ ತಾನ ಕಳಿಸ್ತೈತೇನ್ರಿ? ಒತ್ತಾಕ ಒಂದು ಕೈ ಬೇಕಲ್ಲ. ನಾ ಮಕ್ಕಳಿಗೆ ಪಾಠ ಹೇಳಾಕಿ, ಅಷ್ಟು ದಡ್ಡಿ ಅಲ್ಲ.”

ಅದು ಹೇಗೆ ಹೋಯಿತೆಂದು ನನಗೇ ಗೊತ್ತಿರಲಿಲ್ಲ. ಅವರು ಹೋದರು. ಮುಂದಿನ ಶನಿವಾರ ಬರಲಿಲ್ಲ, ಅದರ ಮುಂದಿನ ಶನಿವಾರವೂ ಇಲ್ಲ. ಮಧ್ಯಾಹ್ನ ಕೋಗಳಿಯ ಬಸ್ಸು ಬಂದು ನಿಲ್ಲುವ ಸದ್ದು ನನ್ನ ಅಂಗಡಿಗೆ ಕೇಳುತ್ತಿತ್ತು. ಅದನ್ನು ಕೇಳದೆ ಇರಲು ನಾನು ರೇಡಿಯೋ ಹಾಕಲು ಕಲಿತೆ.

ಹೇಗೆ ಹೋಯಿತೆಂದು ತಿಳಿಯಬೇಕು ಎಂಬ ಹಟ ಹಿಡಿದದ್ದು ಆಮೇಲೆ. ಟೀಚರಿಗೆ ಉತ್ತರ ಕೊಡಲಿಕ್ಕಾಗಿ ಎಂದು ಅಂದುಕೊಂಡಿದ್ದೆ. ಬೇರೆ ಏನೂ ಮಾಡಲು ಇರಲಿಲ್ಲ ಎನ್ನುವುದೂ ನಿಜ. ಬೆಳಿಗ್ಗೆ ಐದಕ್ಕೆ ಎದ್ದರೆ ಫೋನ್ ಲೈನ್ ಚೊಕ್ಕ ಇರುತ್ತಿತ್ತು. ಹುಡುಕಿದೆ. ಇದು ನನ್ನೊಬ್ಬಳಿಗೆ ಆದದ್ದಲ್ಲ, ಲೋಕದ ತುಂಬ ಆಗಿದೆ ಎಂದು ಮೊದಲ ದಿನವೇ ಗೊತ್ತಾಯಿತು. ವೈರಸ್. ಹೊಕ್ಕ ಕಂಪ್ಯೂಟರಿನಲ್ಲಿ ಕೈಗೆ ಸಿಕ್ಕ ಒಂದು ಕಾಗದವನ್ನು ಎತ್ತಿಕೊಂಡು, ಅದರ ಜೊತೆಗೆ ತಾನೂ ಸೇರಿ, ವಿಳಾಸಪಟ್ಟಿಯಲ್ಲಿದ್ದ ಎಲ್ಲರಿಗೂ ಹೋಗುತ್ತಿತ್ತು. ಆದರೆ ಲಗತ್ತಿಸಿದ ಫೈಲು ಒತ್ತಿದರೆ ಮಾತ್ರ ವೈರಸ್ ಬರುತ್ತದೆಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ. ನಾನು ಯಾವುದನ್ನೂ ಒತ್ತಿರಲಿಲ್ಲ. ಬರೀ ನೋಡಿದ್ದೆ.

ಉತ್ತರ ಇದ್ದದ್ದು ಬ್ರೌಸರಿನಲ್ಲಿ. ಅದನ್ನು ಮಾಡಿದವರು ಹೊರಡಿಸಿದ ಒಂದು ಸೂಚನೆ ಸಿಕ್ಕಿತು, ಎರಡು ಪುಟ ಇಂಗ್ಲಿಷ್. ಪ್ರಿಂಟ್ ತೆಗೆದು, ನಿಘಂಟು ಪಕ್ಕಕ್ಕಿಟ್ಟುಕೊಂಡು ಕೂತೆ. ಒಂದು ಶಬ್ದಕ್ಕೆ ‘ದೌರ್ಬಲ್ಯ’ ಎಂದಿತ್ತು, ಇನ್ನೊಂದಕ್ಕೆ ‘ಮನಬಂದಂತೆ’. ‘ಪ್ಯಾಚ್’ಗೆ ‘ತೇಪೆ’. ಜೀವನದಲ್ಲಿ ಮೊದಲ ಸಲ ಒಂದು ಇಂಗ್ಲಿಷ್ ಕಾಗದದ ಅರ್ಥ ನನಗೆ ಬೇಕಾಗಿತ್ತು. ಎರಡು ಪುಟಕ್ಕೆ ಒಂಬತ್ತು ದಿನ ಹಿಡಿಯಿತು.

ತಿಳಿದದ್ದು ಇಷ್ಟು. ನಮ್ಮ ಮೇಲ್ ತೋರಿಸುವ ಕೆಲಸವನ್ನು ಒಳಗಿನಿಂದ ಮಾಡುತ್ತಿದ್ದುದು ಬ್ರೌಸರೇ. ಮೇಲ್ ಜೊತೆ ಬರುವ ಪ್ರತಿಯೊಂದು ಫೈಲಿಗೂ ಒಂದು ಚೀಟಿ ಇರುತ್ತದೆ: ಇದು ಚಿತ್ರ, ಇದು ಹಾಡು, ಇದು ಪ್ರೋಗ್ರಾಮು ಎಂದು. ಹಾಡಾದರೆ ಬ್ರೌಸರು ಕೇಳದೆಯೇ ನುಡಿಸುತ್ತದೆ, ಅದರಿಂದ ಕೇಡಿಲ್ಲ. ಪ್ರೋಗ್ರಾಮಾದರೆ ‘ತೆರೆಯಲೇ’ ಎಂದು ನಮ್ಮನ್ನು ಕೇಳಬೇಕು. ತಪ್ಪು ಇದ್ದದ್ದು ಇಲ್ಲಿ: ಕೇಳಬೇಕೋ ಬೇಡವೋ ಎಂದು ತೀರ್ಮಾನಿಸುವಾಗ ಅದು ಚೀಟಿಯನ್ನು ನೋಡುತ್ತಿತ್ತು. ತೆರೆಯುವಾಗ ಚೀಟಿಯನ್ನು ಬಿಟ್ಟು ಫೈಲಿನ ಹೆಸರನ್ನು ನೋಡುತ್ತಿತ್ತು. ಹಾಡು ಎಂದು ಚೀಟಿ ಅಂಟಿಸಿ ಒಳಗೆ ಪ್ರೋಗ್ರಾಮ್ ಇಟ್ಟರೆ ಆಯಿತು, ಯಾರನ್ನೂ ಕೇಳದೆ ಅದು ಓಡುತ್ತಿತ್ತು. ಮೇಲ್ ತೆರೆದು ನೋಡಿದರೆ ಸಾಕು.

ನಂಬಿಕೆ ಬರಲಿಲ್ಲ. ಪರೀಕ್ಷೆ ಮಾಡಬೇಕು ಎನಿಸಿತು. ಫೋನ್ ತಂತಿ ಕಿತ್ತು, ಹೊರಗಿನ ಸಂಪರ್ಕವಿಲ್ಲದಂತೆ ಮಾಡಿ, ಒಂದು ಪತ್ರವನ್ನು ಅಕ್ಷರ ಅಕ್ಷರವಾಗಿ ನಾನೇ ಕಟ್ಟಿದೆ. ಒಳಗೆ ಇಟ್ಟದ್ದು ಕಂಪ್ಯೂಟರಿನಲ್ಲೇ ಇರುವ, ಕೂಡುವ ಕಳೆಯುವ ಕ್ಯಾಲ್ಕುಲೇಟರನ್ನು, ಯಾರಿಗೂ ಕೇಡು ಮಾಡದ್ದು. ಚೀಟಿಯಲ್ಲಿ ‘ಹಾಡು’ ಎಂದು ಬರೆದೆ. ನಾಲ್ಕು ಸಲ ತಪ್ಪಾಯಿತು. ಐದನೆಯ ಸಲ ಫ್ಲಾಪಿಯಲ್ಲಿ ಒಯ್ದು ಮೂರನೆಯ ಮಷೀನಿನಲ್ಲಿ ಆ ಪತ್ರ ತೆರೆದು, ಮೌಸ್‌ನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಪರದೆಯ ಮೇಲೆ ಕ್ಯಾಲ್ಕುಲೇಟರ್ ತಾನಾಗಿ ಬಂದು ನಿಂತಿತು, ಒಂದು ಸೊನ್ನೆ ತೋರಿಸುತ್ತ. ಯಾರ ಕೈಯೂ ಅದನ್ನು ಒತ್ತಿರಲಿಲ್ಲ.

ಯಾರಿಗಾದರೂ ಹೇಳಬೇಕು, ಈಗಲೇ ಹೇಳಬೇಕು ಎನಿಸಿ ಹೊರಗೆ ಬಂದೆ. ಎದುರಿನ ದರ್ಜಿ ಅಂಗಡಿಯವರು ಬೀಗ ತೆಗೆಯುತ್ತಿದ್ದರು.

“ನನಗ ಗೊತ್ತಾತ್ರಿ, ಅದು ಹೆಂಗ ಆತು ಅಂತ,” ಎಂದೆ.

“ಹೌದೇನ್ರಿ? ಚಲೋ ಆತು ಬಿಡ್ರಿ,” ಎಂದು ಅವರು ಹೊಲಿಗೆ ಮಷೀನಿನ ಮೇಲಿನ ಬಟ್ಟೆ ಕೊಡವಿದರು. ಏನು ಎಂದು ಕೇಳಲಿಲ್ಲ. ಕೇಳಿದ್ದರೂ ಎಲ್ಲಿಂದ ಶುರುಮಾಡುವುದೆಂದು ನನಗೆ ತಿಳಿಯುತ್ತಿರಲಿಲ್ಲ. ಒಳಗೆ ಬಂದು ಮತ್ತೊಮ್ಮೆ ಪತ್ರ ತೆರೆದೆ, ಮತ್ತೆ ಸೊನ್ನೆ ನೋಡಿದೆ.

ಆಮೇಲೆ ತೇಪೆ. ಇಳಿಸಿಕೊಳ್ಳಲು ನಾಲ್ಕು ಬೆಳಗು ಬೇಕಾಯಿತು. ಅರ್ಧಕ್ಕೆ ಲೈನ್ ಕಡಿದರೆ ಮತ್ತೆ ಮೊದಲಿನಿಂದ. ಕೊನೆಗೆ ಇಳಿಯಿತು, ಹಾಕಲು ಹೋದರೆ ನಿಮ್ಮದು ಹಳೇ ಬ್ರೌಸರು, ಇದಕ್ಕೆ ಈ ತೇಪೆ ಕೂರುವುದಿಲ್ಲ ಎಂದಿತು. ಹೊಸಪೇಟೆಯ ಪುಸ್ತಕದಂಗಡಿಯಲ್ಲಿ ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬರುವ ಸೀಡಿಯಲ್ಲಿ ಹೊಸ ಬ್ರೌಸರು ಸಿಕ್ಕಿತು. ಅದನ್ನು ಹಾಕಿ, ಮೇಲೆ ತೇಪೆ ಹಾಕಿ, ನನ್ನ ಪತ್ರ ತೆರೆದೆ. ಈ ಸಲ ಕ್ಯಾಲ್ಕುಲೇಟರ್ ಬರಲಿಲ್ಲ. ಹತ್ತು ನಿಮಿಷ ಕಾದರೂ ಬರಲಿಲ್ಲ.

ಖುಷಿಯಲ್ಲಿ ಸೂಚನೆಯ ಕಾಗದವನ್ನು ಮತ್ತೆ ಎತ್ತಿಕೊಂಡೆ. ಆಗ ಅದರ ತಲೆಯ ಮೇಲಿನ ತಾರೀಖು ಕಂಡಿತು. ಒಂಬತ್ತು ದಿನ ಓದಿದ್ದರೂ ಅದನ್ನು ನೋಡಿರಲಿಲ್ಲ. ತೇಪೆ ಬಂದು ಒಂದು ವರ್ಷದ ಮೇಲಾಗಿತ್ತು. ಟೀಚರ್ ಆ ಪತ್ರದ ಮೊದಲ ಸಾಲು ಟೈಪ್ ಮಾಡುವ ಮೊದಲೇ ಅದು ಇತ್ತು. ಹಾಕಬೇಕಾದವಳು ನಾನು, ಹಾಕಿರಲಿಲ್ಲ. ಹಾಕಬೇಕೆಂದೇ ಗೊತ್ತಿರಲಿಲ್ಲ, ಆದರೆ ಗೊತ್ತಿರಬೇಕಾದವಳೂ ನಾನೇ.

ಕೋಗಳಿಗೆ ಹೋದೆ. ಶಾಲೆ ಬಿಡುವ ಹೊತ್ತು. ಟೀಚರ್ ನನ್ನನ್ನು ಕಂಡು ಹುಡುಗರ ಸಾಲು ನಿಲ್ಲಿಸುತ್ತಿದ್ದವರು ಹಾಗೇ ನಿಂತರು. ಎಲ್ಲ ಹೇಳಿದೆ. ಚೀಟಿ, ಹಾಡು, ಕ್ಯಾಲ್ಕುಲೇಟರ್. ಬಂದರೆ ಕಣ್ಣಾರೆ ತೋರಿಸುತ್ತೇನೆ ಎಂದೆ.

ಅವರು ಕೊನೆಯವರೆಗೂ ಕೇಳಿದರು. “ನನಗ ತೋರ್ಸಿ ಏನ್ ಮಾಡ್ತೀರಿ?” ಎಂದರು. “ನಾ ಕಳ್ಸಿಲ್ಲ ಅಂತ ನನಗ ಗೊತ್ತೈತಿ. ನಮ್ಮಕ್ಕಗ ತೋರಸ್ರಿ.”

ತಾರೀಖಿನ ಮಾತು ಮಾತ್ರ ನನ್ನ ಬಾಯಿಂದ ಬರಲಿಲ್ಲ.

ಸೀಡಿಯನ್ನೂ ತೇಪೆ ತುಂಬಿದ ಫ್ಲಾಪಿಗಳನ್ನೂ ಚೀಲದಲ್ಲಿ ಇಟ್ಟುಕೊಂಡು ಹೊರಟೆ. ಮೊದಲು ಕೂಡ್ಲಿಗಿ, ಆಮೇಲೆ ಹಡಗಲಿ, ಆಮೇಲೆ ಕೊಟ್ಟೂರು. ನನ್ನ ಮಷೀನಿನಿಂದ ವೈರಸ್ ಹೋಗಿರಬಹುದಾದ ಸೆಂಟರುಗಳಿಗೆಲ್ಲ. ಎಲ್ಲ ಕಡೆ ಚಹಾ ಕೊಟ್ಟರು. ಎಲ್ಲ ಕಡೆ, “ಹಾಕ್ರಿ, ನಿಮಗ ತಿಳೀತೈತಿ,” ಎಂದು ಕುರ್ಚಿ ಬಿಟ್ಟುಕೊಟ್ಟರು. ಹಡಗಲಿಯಲ್ಲಿ ತೇಪೆ ಕೂರುವ ತನಕ ಸೆಂಟರಿನವರು ಹೊರಗೆ ನಿಂತು ಯಾರೊಡನೆಯೋ ಹತ್ತಿಯ ಬೆಳೆಯ ಬಗ್ಗೆ ಮಾತಾಡುತ್ತಿದ್ದರು. ನಾನು ಪರದೆಯ ಮೇಲಿನ ನೀಲಿ ಪಟ್ಟಿ ತುಂಬುವುದನ್ನು ನೋಡುತ್ತಿದ್ದೆ. ಕೂಡ್ಲಿಗಿಯ ಯಜಮಾನರು ಒಬ್ಬರೇ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, “ಅಂದ್ರ ಮೊದ್ಲಿಂದಾನ ತೂತಿತ್ತೇನ್ರಿ ಇದರಾಗ?” ಎಂದು ಕೇಳಿದರು. ಹೌದು ಎಂದೆ. “ಮತ್ತ ನಾವು ಇಷ್ಟ್ ದಿನ ಬಾಗ್ಲಾ ಹಾಕಿ ಮಲಗಿದ್ದು ದಂಡಾನ,” ಎಂದರು. ಆ ತಿಂಗಳಲ್ಲಿ ನನಗೆ ಸಮಾಧಾನ ಕೊಟ್ಟ ಮಾತು ಅದೊಂದೇ.

ಕೊಟ್ಟೂರಿನಿಂದ ಹರಪನಹಳ್ಳಿಯ ಬಸ್ಸು ಹತ್ತಿದೆ. ಟೀಚರ್ ಭಾವ ತಮ್ಮ ಕಚೇರಿಯ ಮಷೀನನ್ನು ನೋಡಲು ಬಿಟ್ಟರು. ಅದರಲ್ಲೂ ವೈರಸ್ ಹೊಕ್ಕಿತ್ತು. ತೆಗೆದು ತೇಪೆ ಹಾಕಿಕೊಟ್ಟೆ. ಬಂದ ಕಾರಣ ಹೇಳಿದಾಗ ಅವರು, “ಮನೆಗೆ ಬರ್ರಿ, ಊಟ ಮಾಡ್ಕಂಡು ಹೋಗುವಿರಂತೆ,” ಎಂದರು.

ಅಕ್ಕ ನೋಡಲು ಟೀಚರ್ ಹಾಗೆಯೇ ಇದ್ದರು, ಹಣೆ ಮಾತ್ರ ಅಗಲ. ರೊಟ್ಟಿ, ಪುಂಡಿಪಲ್ಲೆ ಬಡಿಸಿದರು. ನಾನು ಹೇಳಿದ್ದನ್ನೆಲ್ಲ ಗೋಡೆಗೆ ಒರಗಿ ಕೇಳಿದರು. ನಾನು ಸೂಚನೆಯ ಕಾಗದವನ್ನೂ ತೆಗೆದು ತೋರಿಸಿದೆ. ಅವರು ಅದನ್ನು ಮುಟ್ಟಲಿಲ್ಲ.

“ಕಳ್ಸಿದ್ದು ಮಷೀನು ಅಂತೀರಿ. ಇರ್ಲಿ, ಒಪ್ಪಿದೆ,” ಎಂದರು. “ಬರೆದಿದ್ದು ಮಷೀನಲ್ಲಲ್ಲ?”

ರೊಟ್ಟಿ ಮುರಿದವಳು ಹಾಗೇ ಕೂತೆ. ಇಷ್ಟು ದಿನ ನಾನು ಹುಡುಕಿದ್ದು, ಓದಿದ್ದು, ಊರೂರು ಅಲೆದು ಸರಿಮಾಡಿದ್ದು ಎಲ್ಲಕ್ಕೂ ಈ ಪ್ರಶ್ನೆಗೂ ಸಂಬಂಧವೇ ಇರಲಿಲ್ಲ.

“ಅಲ್ರಿ,” ಎಂದೆ. “ಬರೆದಿದ್ದು ಅವ್ರ. ಆದ್ರ ಪತ್ರ ಅರ್ಧ ಐತ್ರಿ. ಇನ್ನೂ ಬರೀತಿದ್ರು.”

“ನೀವೂ ಓದೀರೇನು?”

“ಓದೀನ್ರಿ. ತಪ್ಪಾತು.”

ಗಂಡ ಎದ್ದು ಕೈ ತೊಳೆಯಲು ಹೋದರು. “ಆದರೂ ಅಕ್ಕಾ ಅಂತ ಬರ್ದು ಬಿಟ್ಟಾಳೆ,” ಎಂದರು ಅಕ್ಕ, ನನ್ನ ಕಡೆ ನೋಡದೆ. “ಆದರೂ ಏನು? ಮುಂದೆ ಏನ್ ಬರೆಯಾಕೆ ಹೊಂಟಿದ್ಲು?”

“ನನಗ ಗೊತ್ತಿಲ್ರಿ. ಅವ್ರನ್ನ ಕೇಳ್ಬೇಕು.”

“ಓಲೆ ಕೇಳಿದ್ದು ನನಗಲ್ಲ,” ಎಂದರು. “ಅವ್ವ ಅದನ್ನ ತಂಗಿಗೆ ಅಂತ ಇಟ್ಟಿದ್ಲು. ಆಕಿ ಕೈಗೆ ಬಂತೋ ಇಲ್ಲೋ ಅಂತ ಕೇಳಿದ್ದೆ.” ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನಾನು ಹೊರಡುವಾಗ ಹೊರಗೆ ಬರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತೆ. ಅಕ್ಕತಂಗಿಯರಿಬ್ಬರ ಮಾತೂ ನನ್ನ ಹತ್ತಿರ ಇತ್ತು, ಎರಡೂ ನನ್ನವಲ್ಲ. ಓಲೆಯ ವಿಷಯವನ್ನು ಟೀಚರಿಗೆ ಹೇಳಲೇ ಎಂದು ಊರು ಬರುವವರೆಗೂ ಯೋಚಿಸಿದೆ. ಹೇಳಲಿಲ್ಲ. ಒಂದು ಸಲ ನನ್ನ ಮಷೀನಿನಿಂದ ಅವರ ಮಾತು ಅವರಿಗೆ ತಿಳಿಯದೆ ದಾಟಿಹೋಗಿತ್ತು, ಅಷ್ಟು ಸಾಕೆನಿಸಿತು.

ಮಳೆಗಾಲ ಹಿಡಿದ ಮೇಲೆ ಟೀಚರ್ ಬಂದರು. ಶನಿವಾರವಲ್ಲ, ಬುಧವಾರ. ಕೂರಲು ಹೇಳಿದೆ, ಕೂತರು.

“ಅಕ್ಕ ಬಂದಿದ್ಲು,” ಎಂದರು. “ಜಗಳಾಡಾಕ ಬಂದಿದ್ಲು. ಮೂರು ದಿನ ಇದ್ದು ಹೋದ್ಲು.”

ಇನ್ನೇನಾದರೂ ಹೇಳುತ್ತಾರೆಂದು ಕಾದೆ. ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಿವಿಯಲ್ಲಿ ಓಲೆ ಇದ್ದವೋ ಇಲ್ಲವೋ ನೋಡಬೇಕೆನಿಸಿತು. ಸೆರಗು ತಲೆಯ ಮೇಲಿತ್ತು.

“ಆ ಪತ್ರ ಇನ್ನೂ ಐತೇನ್ರಿ ಇದರಾಗ? ಅಳಿಸಿಬಿಡ್ರಿ. ನನ್ನ ಎದುರಿಗೇ ಅಳಿಸ್ರಿ.”

ಅಳಿಸಿದೆ. ಕಸದ ಬುಟ್ಟಿಯನ್ನೂ ಖಾಲಿ ಮಾಡಿ ತೋರಿಸಿದೆ. ನನಗೆ ಬಂದಿದ್ದ ಪ್ರತಿಯನ್ನೂ ತೆಗೆದು ಅಳಿಸಿದೆ.

“ನೀವು ಓದಿದ್ರೇನ್ರಿ?”

“ಓದೀನಿ ಟೀಚರ್. ಇನ್ನೊಂದು ಮಾತೈತಿ.” ಆಗ ತಾರೀಖಿನ ವಿಷಯ ಹೇಳಿದೆ. ತೇಪೆ ಒಂದು ವರ್ಷ ಮೊದಲೇ ಬಂದಿತ್ತು, ನಾನು ಹಾಕಿರಲಿಲ್ಲ, ಹಾಕಿದ್ದರೆ ಹೀಗಾಗುತ್ತಿರಲಿಲ್ಲ ಎಂದು.

ಅವರು ನನ್ನನ್ನೇ ನೋಡಿದರು. ಸಿಟ್ಟು ಇತ್ತೋ, ಇನ್ನೇನೋ, ನನಗೆ ತಿಳಿಯಲಿಲ್ಲ. “ಆವತ್ತೇ ಹೇಳ್ಬೇಕಿತ್ತು ನೀವು,” ಎಂದರು. “ಕೋಗಳಿಗೆ ಬಂದಾಗ.”

“ಹೌದ್ರಿ.”

“ಮೈಲಾರದ ಕಡಿ ವರ್ಗ ಆಗೈತಿ ನನಗ. ಮುಂದಿನ ವಾರ ಹೋಗ್ತೀನಿ.” ಎದ್ದರು. ಬಾಗಿಲ ಹತ್ತಿರ ಒಮ್ಮೆ ನಿಂತು, “ಬರ್ತೀನ್ರಿ,” ಎಂದರು. ಬರುತ್ತೇನೆ ಎನ್ನುವುದು ಹೋಗುವಾಗ ನಾವೆಲ್ಲ ಆಡುವ ಮಾತು. ಅವರು ಮತ್ತೆ ಬರಲಿಲ್ಲ.

ಸೆಂಟರನ್ನು ಇನ್ನೂ ನಾಲ್ಕು ವರ್ಷ ನಡೆಸಿದೆ. ತಿಂಗಳಿಗೊಂದೆರಡು ಹೊಸ ಸೂಚನೆ ಬರುತ್ತಿತ್ತು. ಒಂದು ತೂತು ಮುಚ್ಚುವಷ್ಟರಲ್ಲಿ ಇನ್ನೊಂದು. ಬರಬರುತ್ತ ನಿಘಂಟು ಬೇಕಾಗಲಿಲ್ಲ. ಬೆಳಿಗ್ಗೆ ಕೂತು ಮೊದಲು ತಾರೀಖು ನೋಡುತ್ತಿದ್ದೆ, ಆಮೇಲೆ ಓದುತ್ತಿದ್ದೆ, ಆ ದಿನವೇ ತೇಪೆ ಹಾಕುತ್ತಿದ್ದೆ. ಬಂದವರು ಎಂದಿನಂತೆ ರಿಸಲ್ಟ್ ನೋಡಿ ಹೋಗುತ್ತಿದ್ದರು. ಆ ಮಷೀನುಗಳಲ್ಲಿ ಏನು ಬದಲಾಗಿದೆ ಎಂದು ಯಾರೂ ಕೇಳಲಿಲ್ಲ. ಕೇಳದಿರುವುದೇ ಆ ಕೆಲಸ ಸರಿಯಾಗಿ ಆಗಿದೆ ಎನ್ನುವುದರ ಗುರುತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕೆಲವು ಬೆಳಗು ಅದನ್ನು ನಂಬುತ್ತಲೂ ಇದ್ದೆ.